ಸತ್ತವನ ಹೆಸರಿಗೆ ಹನ್ನೊಂದು ತಿಂಗಳು

ನನ್ನ ತಂಗಿಯ ಗಂಡ, ನಮ್ಮ ಹಳೇ ಕ್ಷೇತ್ರದ ಕಟ್ಟಕಡೆಯ ಸಂಸದ, ಊರಿಗೆಲ್ಲ ಮೈಕು ಎಂದೇ ಗೊತ್ತಿರುವವನಿಗೆ,

ತಂಗಿಯ ಗಂಡನಿಗೆ ‘ನೀವು’ ಅನ್ನಬೇಕು. ಮೂವತ್ತೈದು ವರ್ಷದಿಂದ ಅಂದಿದ್ದೇನೆ. ಈ ಪತ್ರ ಮುಗಿಯುವವರೆಗೆ ನನ್ನ ಕೈಲಾಗುವುದಿಲ್ಲ. ಓದುವಾಗ ನಿನ್ನ ಮೈ ಉರಿದರೆ ಉರಿಯಲಿ. ಬರೆಯುವಾಗ ನನಗೂ ಉರಿಯುತ್ತಿದೆ.

ಹೆಸರು ಬರೆಯಲು ನೀನು ಕಳಿಸಿದ ಹಲಗೆ ಬಂತು. ಪುಸ್ತಕವೂ ಬಂತು. ಹಲಗೆ ಚೆನ್ನಾಗಿದೆ. ಆರಡಿಗೆ ನಾಲ್ಕಡಿ, ಒಂದು ಗಂಟೂ ಇಲ್ಲದ ಮರ, ನಿನ್ನ ಹೊಸ ಸಭಾಂಗಣದ ಬಡಗಿ ಮನಸ್ಸಿಟ್ಟು ಉಜ್ಜಿದ್ದಾನೆ. ಪುಸ್ತಕದ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ‘ನಮ್ಮ ಕ್ಷೇತ್ರದ ನಲವತ್ತು ವರ್ಷ’ ಎಂದು ಹೆಸರಿಟ್ಟು, ಅರವತ್ತನಾಲ್ಕು ಪುಟದಲ್ಲಿ ನಿನ್ನವೇ ಮೂವತ್ತೊಂದು ಫೋಟೋ ಹಾಕಿಸಿಕೊಂಡಿದ್ದೀಯ. ಒಂದರಲ್ಲಿ ಕುರಿಮರಿ ಎತ್ತಿಕೊಂಡಿದ್ದೀಯ. ಆ ಮರಿಯ ಮುಖದಲ್ಲಿರುವ ಸಂಕಟ ನನಗೆ ಚೆನ್ನಾಗಿ ಅರ್ಥವಾಯಿತು.

ಹಲಗೆಯ ಜೊತೆ ಒಂದು ಚೀಟಿ ಇತ್ತು. ಮೇಲೆ ದೊಡ್ಡಕ್ಷರದಲ್ಲಿ ‘ಈ ಕ್ಷೇತ್ರವನ್ನು ಪ್ರತಿನಿಧಿಸಿದ ಮಹನೀಯರು’, ಕೆಳಗೆ ಮೂರು ಹೆಸರು, ಎದುರಿಗೆ ಇಸವಿ. ಛತ್ರಿ ವಕೀಲರು, ಗಿರಣಿ ಯಜಮಾನ, ನೀನು. ಎರಡು ಸಲ ಓದಿ ಫೋನು ಮಾಡಿದೆ. “ದಾದಿಯಮ್ಮ ಎಲ್ರೀ?” ಅಂದೆ. ನೀನು ನಕ್ಕೆ. “ಅಯ್ಯೋ ಭಾವ, ಹನ್ನೊಂದು ತಿಂಗಳು ಕೂತಿದ್ದನ್ನೂ ಬರೀತಾರಾ? ಮೂರೇ ಹೆಸರಾದ್ರೆ ಅಂದವಾಗಿ ಕೂರುತ್ತೆ. ನಡುವೆ ಒಂದು ವರ್ಷ ಖಾಲಿ ಕಾಣುತ್ತೆ ಅಂದ್ರೆ ಗಿರಣಿ ಯಜಮಾನರ ಇಸವಿನೇ ಸ್ವಲ್ಪ ಮುಂದಕ್ಕೆ ಎಳೆದುಬಿಡಿ. ಯಾರು ಕೇಳ್ತಾರೆ?”

ಅಲ್ಲಯ್ಯಾ, ಅವಧಿ ಮುಗಿಯುವ ಮುಂಚೆಯೇ ಸತ್ತವನನ್ನು ಹನ್ನೊಂದು ತಿಂಗಳು ಸಂಸತ್ತಿನಲ್ಲಿ ಕೂರಿಸು ಅನ್ನುತ್ತೀಯಲ್ಲ. ಬದುಕಿದ್ದಾಗ ಅವನು ಕೂತಿದ್ದಕ್ಕೂ ಸತ್ತು ಕೂರುವುದಕ್ಕೂ ಅಂಥ ವ್ಯತ್ಯಾಸವೇನಿಲ್ಲ, ಅದು ಬೇರೆ ಮಾತು. ಆದರೆ ಬದುಕಿರುವ ಹೆಂಗಸನ್ನು ಎಬ್ಬಿಸಿ ಆ ಜಾಗದಲ್ಲಿ ಹೆಣ ಕೂರಿಸಲು ನಿನಗೆ ಹೇಸಿಗೆಯಾಗಲಿಲ್ಲವಾ?

ಆಮೇಲೆ ಪುಸ್ತಕ ತೆರೆದೆ. ಇಪ್ಪತ್ತಮೂರನೇ ಪುಟ. ಅಲ್ಲಿ ದಾದಿಯಮ್ಮನಿಗೆ ಒಂದೂವರೆ ಸಾಲಿನ ಭಿಕ್ಷೆ ಹಾಕಿದ್ದೀಯ: ‘ಉಪಚುನಾವಣೆಯಲ್ಲಿ ಗೆದ್ದ ಇವರು ಮರುವರ್ಷ ಅನಾರೋಗ್ಯದ ನಿಮಿತ್ತ ಕಣದಿಂದ ಹಿಂದೆ ಸರಿದರು.’ ಅದನ್ನು ಓದಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಸುಳ್ಳು ಹೇಳಿದ್ದಕ್ಕಲ್ಲ, ನೀನು ಸುಳ್ಳು ಹೇಳುವುದು ಕಾಗೆ ಕಪ್ಪಗಿದ್ದ ಹಾಗೆ. ಅದು ಸುಳ್ಳು ಎಂದು ಆಣೆಯಿಟ್ಟು ಹೇಳಬಲ್ಲವರು ನೀನು, ದಾದಿಯಮ್ಮ, ನಾನು, ಮೂರೇ ಜನ ಉಳಿದಿದ್ದಾರೆ, ಅದರಲ್ಲಿ ಒಬ್ಬನ ಕೈಗೇ ಆ ಪುಸ್ತಕ ಕಳಿಸಿದೆಯಲ್ಲ, ನನ್ನನ್ನು ಇಷ್ಟು ಅಗ್ಗಕ್ಕೆ ಹಿಡಿದೆಯಲ್ಲ, ಅದಕ್ಕೆ.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮೇಷ್ಟರ ಚಿತ್ರವನ್ನು ಶಾಲೆಯ ಗೋಡೆಗೆ ಬರೆದೆ, ಹೋಲಿಕೆ ಚೆನ್ನಾಗಿ ಬಂದಿತ್ತು, ಅದೇ ತಪ್ಪಾಯಿತು. ಪುಸ್ತಕ ಬರೆಯುವಷ್ಟು ಓದಿಲ್ಲ. ಆದರೆ ಈ ಕ್ಷೇತ್ರದ ಕಥೆ ನಿನಗಿಂತ ನನಗೆ ಗೊತ್ತು, ಯಾಕೆಂದರೆ ನಲವತ್ತು ವರ್ಷ ಇದರ ಗೋಡೆಗಳನ್ನೆಲ್ಲ ಬರೆದವನು ನಾನು.

ಕ್ಷೇತ್ರ ಅಂತ ಆಗುವ ಮುಂಚೆ ಇದು ಮೂರು ತುಂಡು. ಹೊಳೆಯಾಚೆಯವರು, ಕಲ್ಲುಕ್ವಾರಿಯವರು, ಕುರಿಬಯಲಿನವರು. ಎತ್ತು ಏರಿಗೆ ಕೋಣ ನೀರಿಗೆ. ಒಬ್ಬರ ಸಾವಿಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ, ದಾರಿಯೇ ಇರಲಿಲ್ಲ. ರಾಜಧಾನಿಯಲ್ಲಿ ಯಾರೋ ನಕಾಶೆಯ ಮೇಲೆ ಒಂದು ಗೆರೆ ಎಳೆದು ಮೂವರನ್ನೂ ಒಂದು ಗೂಡಿಗೆ ಹಾಕಿದರು. ಛತ್ರಿ ವಕೀಲರು ಮೊದಲನೇ ಸಲ ನಿಂತಾಗ ಬಿಸಿಲಿಗೂ ಛತ್ರಿ ಹಿಡಿದು ಮೂರೂ ಕಡೆ ನಡೆದರು. ಗೆದ್ದ ಮೇಲೆ ವಾರಕ್ಕೆ ಎರಡು ಸಲ ಒಂದು ಬಸ್ಸು ಬಿಡಿಸಿದರು. ಕ್ವಾರಿಯಿಂದ ಹೊರಟು ಬಯಲು ದಾಟಿ ಹೊಳೆದಂಡೆಯವರೆಗೆ. ಆ ಬಸ್ಸಿನಲ್ಲೇ ಜನ ಒಬ್ಬರ ಮುಖ ಒಬ್ಬರು ನೋಡಿದ್ದು, ಜಗಳವಾಡಿದ್ದು, ಬೀಗರಾಗಿದ್ದು. ವಕೀಲರೇನು ದೇವರಲ್ಲ. ಎರಡನೇ ಸಲ ಗೆದ್ದಮೇಲೆ ಕಿವಿ ಮಂದವಾಯಿತು, ಬೇಕಾದ್ದು ಮಾತ್ರ ಕೇಳುತ್ತಿತ್ತು. ಆದರೂ ಆ ಬಸ್ಸು ಬಿಡಿಸಿದ ಪುಣ್ಯ ಅವರದ್ದು. ನಿನ್ನ ಪುಸ್ತಕದಲ್ಲಿ ಬಸ್ಸೇ ಇಲ್ಲ. ಅವರ ಛತ್ರಿಯ ಫೋಟೋ ಇದೆ.

ಆಮೇಲೆ ಗಿರಣಿ ಯಜಮಾನ. ನಾಲ್ಕು ಸಲ ಗೆದ್ದ. ಗೋಡೆ ನನ್ನದು. ಮೂರನೇ ಸಲದಿಂದ ಗಂಟಲು ನಿನ್ನದು. ಗಾಡಿಯ ಮೇಲೆ ಮೈಕು ಕಟ್ಟಿಕೊಂಡು, ಕೂಗಿ ಕೂಗಿ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದೆ. ಊಟಕ್ಕೆ ಬಂದವನು ತಂಗಿಯನ್ನೇ ಕೊಡಿ ಅಂದೆ. ಕೊಟ್ಟೆವು. ಹತ್ತೊಂಬತ್ತು ವರ್ಷದಲ್ಲಿ ಗಿರಣಿ ಯಜಮಾನ ಸಂಸತ್ತಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ತೂಕದ ಯಂತ್ರದ ಮೇಲಿನ ತೆರಿಗೆ ಯಾಕೆ ಇಷ್ಟು ಅಂತ. ಯಂತ್ರ ಯಾರ ಗಿರಣಿಯದ್ದು ಅಂತ ಸಭೆಯಲ್ಲಿ ಯಾರೂ ಕೇಳಲಿಲ್ಲ. ನಾಲ್ಕನೇ ಅವಧಿಯ ಕೊನೆಗೆ ಒಂದು ವರ್ಷ ಇರುವಾಗ ಸತ್ತ.

ಆಗ ನಿಂತರು ದಾದಿಯಮ್ಮ. ಇಪ್ಪತ್ತೆಂಟು ವರ್ಷ ಸರ್ಕಾರಿ ಹೆರಿಗೆ ಮನೆಯಲ್ಲಿ ದಾದಿ. ರಾಜೀನಾಮೆ ಬರೆದುಕೊಟ್ಟು ನೇರ ನನ್ನ ಅಂಗಡಿಗೆ ಬಂದರು. “ಪೇಂಟರಪ್ಪಾ, ನನಗೆ ಬಾಚಣಿಗೆ ಗುರುತು ಕೊಟ್ಟವ್ರೆ. ಬರೀತೀಯಾ?” ಅಂದರು. ಒಂದು ಬಾಚಣಿಗೆಗೆ ಹದಿನೆಂಟು ಹಲ್ಲು. ಬರೆದು ಬರೆದು ನನ್ನ ಹಲ್ಲು ಸವೆಯಿತು. ಮತ ಹಾಕಿದವರಲ್ಲಿ ಕಾಲುಭಾಗ ಅವರ ಕೈಯಲ್ಲೇ ಹುಟ್ಟಿದವರು. “ನಮ್ಮನ್ನು ಈ ಲೋಕಕ್ಕೆ ಕರೆದುಕೊಂಡು ಬಂದಿದ್ದೇ ಅವ್ರು, ಇನ್ನು ರಾಜಧಾನಿಗೆ ಕಳಿಸೋಕೆ ನಮಗೇನು ದಾಡಿ” ಅನ್ನುತ್ತಿದ್ದರು ಕ್ವಾರಿಯವರು. ಗೆದ್ದರು.

ಹನ್ನೊಂದೇ ತಿಂಗಳು. ಆದರೆ ಆ ಹನ್ನೊಂದು ತಿಂಗಳಲ್ಲಿ ಅವರು ಹೊಳೆಗೆ ಸೇತುವೆ ಮಂಜೂರು ಮಾಡಿಸಿದರು. ದೋಣಿಯಲ್ಲಿ ಹೆರಿಗೆಯಾಗಿ ತಾಯಿ ಮಗು ಎರಡೂ ಹೋದ ಲೆಕ್ಕವನ್ನು, ಹೆಸರು ಊರು ತಾರೀಖಿನ ಸಮೇತ, ಸಭೆಯಲ್ಲಿ ನಿಂತು ಓದಿದರಂತೆ. ಇಪ್ಪತ್ತಾರು ಹೆಸರು. ಓದಿ ಮುಗಿಸುವವರೆಗೆ ಕೂರಿ ಅಂದರೂ ಕೂರಲಿಲ್ಲವಂತೆ. ಇವತ್ತು ಆ ಸೇತುವೆಯ ಕಲ್ಲಿನ ಮೇಲೆ ನಿನ್ನ ಹೆಸರಿದೆ. ಕಟ್ಟಿ ಮುಗಿದಾಗ ಕುರ್ಚಿಯಲ್ಲಿ ನೀನಿದ್ದೆ. ಹುತ್ತ ಕಟ್ಟಿದ್ದು ಗೆದ್ದಲು, ಒಳಗೆ ಮಲಗಿದ್ದು ಹಾವು.

ಈಗ ಆ ಮಾತಿಗೆ ಬರುತ್ತೇನೆ. ಹೆದರಬೇಡ, ನನ್ನ ಪಾಲನ್ನೂ ಬಿಡದೆ ಬರೆಯುತ್ತೇನೆ.

ನಮ್ಮ ಕಸುಬಿಗೆ ಒಂದು ಕಟ್ಟಳೆ ಇತ್ತು, ನಿನಗೂ ಗೊತ್ತು. ಗೋಡೆಯ ಮೇಲೆ ಬರೆದ ಹೆಸರನ್ನು ಮತ ಎಣಿಕೆ ಮುಗಿಯುವವರೆಗೆ ಯಾವ ಪೇಂಟರೂ ಅಳಿಸಬಾರದು. ಎದುರಾಳಿಯದಾದರೂ ಮುಟ್ಟಬಾರದು. ಅಳಿಸುವುದು ಎರಡೇ ಕಾರಣಕ್ಕೆ: ನಿಂತವರು ಸತ್ತರೆ, ಇಲ್ಲ ಕಣದಿಂದ ಹಿಂದೆ ಸರಿದರೆ. ಪೇಪರು ಮೂರು ದಿನ ತಡವಾಗಿ ಬರುತ್ತಿದ್ದ ಸೀಮೆ ಇದು. ಬಂದರೂ ಓದುವವರು ಎಷ್ಟು ಜನ? ಗೋಡೆಯೇ ಜನಕ್ಕೆ ಪೇಪರು. ಹೆಸರಿದ್ದರೆ ಇದ್ದಾರೆ, ಸುಣ್ಣ ಬಿದ್ದರೆ ಇಲ್ಲ. ಅಷ್ಟೇ.

ಮರುವರ್ಷದ ಚುನಾವಣೆಗೆ ಅವರೂ ನಿಂತರು, ನೀನೂ ನಿಂತೆ. ಎರಡೂ ಗೋಡೆ ಬರೆದವನು ನಾನೇ. ಮತದಾನಕ್ಕೆ ಒಂಬತ್ತು ದಿನ ಇತ್ತು. ಮಧ್ಯಾಹ್ನ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾ ಕೂತಿದ್ದೆ. ನೀನು ಬಂದೆ, ಮುಖ ಸಣ್ಣದು ಮಾಡಿಕೊಂಡು. “ಭಾವ, ಕೆಟ್ಟ ಸುದ್ದಿ. ದಾದಿಯಮ್ಮನಿಗೆ ಮೈ ಸರಿ ಇಲ್ವಂತೆ, ಹಿಂದೆ ಸರಿದ್ರು. ಚುನಾವಣೆ ಆಫೀಸಿನಿಂದ ಹಿಂದೆ ಸರಿದವರ ಪಟ್ಟಿ ಬಂದಿದೆ. ಪಾಪ, ಜನ ಸುಮ್ಮನೆ ಅವರಿಗೆ ಹಾಕಿ ಮತ ಹಾಳು ಮಾಡ್ಕೋತಾರೆ. ಬೇಗ ಸುಣ್ಣ ಹೊಡೆಸಿಬಿಡಿ” ಅಂದೆ. ಕೈಯಲ್ಲಿದ್ದ ಕಾಗದ ತೋರಿಸಿದೆ. ಕೆಳಗೆ ಸರ್ಕಾರಿ ಮೊಹರು, ಮಧ್ಯದಲ್ಲಿ ಅವರ ಹೆಸರು. ಮೇಲಿನ ಎರಡು ಸಾಲು ಹಿಂದಕ್ಕೆ ಮಡಿಚಿತ್ತು.

ಬಿಡಿಸಿ ನೋಡುವಷ್ಟು ಅಕ್ಷರ ನನಗೆ ಬರುತ್ತಿತ್ತು ಕಣಯ್ಯ. ನಾಲ್ಕನೇ ಕ್ಲಾಸು ಸಾಕಿತ್ತು ಅದಕ್ಕೆ. ಬಿಡಿಸಲಿಲ್ಲ. ತಂಗಿಯ ಗಂಡ ತಂದ ಕಾಗದ, ಅದನ್ನು ಬಿಡಿಸಿ ನೋಡುವುದು ಮರ್ಯಾದೆಯಲ್ಲ ಅಂದುಕೊಂಡೆ. ಮರ್ಯಾದೆ! ಆ ಮಡಿಕೆಯೊಳಗೆ ಏನಿತ್ತು ಎಂದು ಒಂದು ವಾರದ ಮೇಲೆ ಅದೇ ಪಟ್ಟಿಯನ್ನು ಆಫೀಸಿನ ಬಾಗಿಲಲ್ಲಿ ಅಂಟಿಸಿದ್ದಾಗ ನೋಡಿದೆ. ಅದು ಕಣದಲ್ಲಿ ಉಳಿದವರ ಪಟ್ಟಿ.

ಅಷ್ಟರಲ್ಲಿ ಮೂರು ದಿನ, ಮೂರು ಜನ ಪೇಂಟರುಗಳು, ನೂರಾ ಅರವತ್ತು ಗೋಡೆ. ಒಂದೊಂದು ಬಾಚಣಿಗೆಗೂ ಎರಡು ಕೈ ಸುಣ್ಣ. ಉಳಿದಿಬ್ಬರು ಅನುಮಾನಪಟ್ಟರು. “ನಾನು ಕಾಗದ ನೋಡಿದ್ದೀನಿ, ಹೊಡೀರಿ” ಎಂದು ಗದರಿದವನು ನಾನು. ಹೊಳೆಯಾಚೆಯಿಂದ ಒಬ್ಬ ಮುದುಕಿ ಗೋಡೆ ನೋಡಿ ದಾದಿಯಮ್ಮ ಸತ್ತೇ ಹೋದರು ಅಂದುಕೊಂಡು, ದೋಣಿ ಹತ್ತಿ ಎದೆ ಬಡಿದುಕೊಂಡು ಬಂದಳಂತೆ. ಬಂದರೆ ದಾದಿಯಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾರೆ. “ಅಯ್ಯೋ ತಾಯಿ, ಸತ್ತೋರು ಬಟ್ಟೆ ಒಗೀತಾವ್ರಲ್ಲ” ಅಂದಳಂತೆ. ಇದನ್ನು ಕೇಳಿ ಊರು ನಕ್ಕಿತು. ನಾನೂ ನಕ್ಕೆ. ಥೂ ನನ್ನ ಜನ್ಮಕ್ಕೆ.

ಆ ಮುದುಕಿಯಿಂದಲೇ ಅವರಿಗೆ ವಿಷಯ ಗೊತ್ತಾಗಿದ್ದು. ಮತದಾನಕ್ಕೆ ನಾಲ್ಕು ದಿನ ಇರುವಾಗ ಅಂಗಡಿಗೆ ಬಂದು ನಿಂತರು. ಬೈಯಲಿಲ್ಲ. “ಯಾರು ಹೇಳಿದ್ದು ಪೇಂಟರಪ್ಪಾ?” ಅಂದರು. ನಾನು “ಕಾಗದ ಬಂದಿತ್ತಮ್ಮ” ಅಂದೆ. “ಯಾರು ತಂದರು?” ಅಂದರು. ನಾನು ಬ್ರಷ್ಷು ನೋಡುತ್ತಾ ಕೂತೆ. ಅವರು ಹೊರಟುಹೋದರು. ನಾನು ನೇರ ನಿನ್ನ ಮನೆಗೆ ಬಂದೆ, ನಿನ್ನ ಕತ್ತಿನಪಟ್ಟಿ ಹಿಡಿಯಲು. ನೀನು ಬಾಗಿಲಲ್ಲೇ ಅಡ್ಡ ನಿಂತು ಪಿಸುಗುಟ್ಟಿದೆ: “ಭಾವ, ಆಗಿದ್ದು ಆಯ್ತು. ನಿಮ್ಮ ತಂಗಿಗೆ ತುಂಬಿದ ತಿಂಗಳು. ಈಗ ಗಲಾಟೆ ಮಾಡಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?” ಒಳಗೆ ತಂಗಿ ಗೋಡೆಗೆ ಒರಗಿ ಕೂತು ಮಗುವಿನ ಕುಲಾವಿ ಹೆಣೆಯುತ್ತಿದ್ದಳು. ನಾನು ನೀರು ಕುಡಿದು ವಾಪಸು ಬಂದೆ. ನಾಲ್ಕು ದಿನ ಇತ್ತು. ನೂರಾ ಅರವತ್ತಲ್ಲದಿದ್ದರೆ ಅರವತ್ತು ಗೋಡೆಯಾದರೂ ಮತ್ತೆ ಬರೆಯಬಹುದಿತ್ತು. ಒಂದೂ ಬರೆಯಲಿಲ್ಲ.

ಎಂಟುನೂರ ಹದಿನಾಲ್ಕು ಮತದಲ್ಲಿ ಗೆದ್ದೆ ನೀನು. ನಿನ್ನ ಮೆರವಣಿಗೆ ಹೊರಟ ದಿನವೇ ತಂಗಿಗೆ ನೋವು ಬಂತು. ಯಾರನ್ನು ಕರೆಯುವುದು? ನಾನೇ ಹೋಗಿ ಅವರ ಬಾಗಿಲು ಬಡಿದೆ. ಚೀಲ ಹಿಡಿದು ಬಂದರು, ಆರು ಗಂಟೆ ಒಳಗಿದ್ದರು, ಕಾಲು ಮುಂದಾಗಿದ್ದ ಕೂಸನ್ನು ಉಳಿಸಿ ಕೈಗೆ ಕೊಟ್ಟರು. ಬೀದಿಯಲ್ಲಿ ನಿನ್ನ ಮೈಕು ಕೂಗುತ್ತಿತ್ತು. ಕೈ ತೊಳೆದುಕೊಳ್ಳುತ್ತಾ ಅವರು ನನಗೆ ಹೇಳಿದ್ದು ಒಂದೇ ಮಾತು: “ಆ ಸದ್ದು ನಿಲ್ಲಿಸೋಕೆ ಹೇಳು, ಬಾಣಂತಿ ಮಲಗಬೇಕು.”

ಮುಂದಿನದ್ದನ್ನು ನಿನ್ನ ಪುಸ್ತಕ ‘ಆಡಳಿತದ ಅನುಕೂಲಕ್ಕಾಗಿ ಕ್ಷೇತ್ರದ ಪುನರ್‌ವಿಂಗಡಣೆ’ ಎಂದು ನಾಲ್ಕು ಪದದಲ್ಲಿ ಮುಗಿಸಿದೆ. ಅನುಕೂಲ ಯಾರಿಗೆ? ನಿನ್ನ ಎರಡನೇ ಅವಧಿಯಲ್ಲಿ ಗಡಿ ಬರೆಯುವ ಸಮಿತಿ ಬಂತು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬೇಕು ಅಂತ ನೋಟೀಸು ಹೊರಟಿತು. ಬಾಲ್ಯದಿಂದ ಗೋಡೆ ಓದಿಕೊಂಡು ಬಂದ ಜನಕ್ಕೆ ಆ ನೋಟೀಸನ್ನು ಎಲ್ಲಿ ಅಂಟಿಸಿದೆ? ಬೀಗ ಹಾಕಿದ ಆಫೀಸಿನ ಒಳಗೋಡೆಗೆ. ನಿನಗೆ ಪಟ್ಟಣದ ಕಡೆಯ ಸೀಟು ಕೊಡುತ್ತೇವೆ ಅಂದಿದ್ದರು, ನೀನು ‘ಆಕ್ಷೇಪಣೆ ಇಲ್ಲ’ ಎಂದು ಸಹಿ ಮಾಡಿದೆ. ಕ್ವಾರಿ ಒಂದು ಪಟ್ಟಣಕ್ಕೆ ಹೋಯಿತು, ಬಯಲು ಇನ್ನೊಂದಕ್ಕೆ, ಹೊಳೆಯಾಚೆ ಮತ್ತೊಂದಕ್ಕೆ. ಬೆಕ್ಕಿನ ಮರಿ ಹಂಚಿದ ಹಾಗೆ. ಪಟ್ಟಣದಲ್ಲಿ ನಿನಗೆ ಠೇವಣಿಯೂ ಉಳಿಯಲಿಲ್ಲ. ಮೂರೂ ಕಡೆ ಈಗ ನಾವು ಅಂಚಿನ ಜನ. ಒಂದು ಕೊಳಾಯಿ ಕೆಟ್ಟರೆ ಯಾವ ಸಂಸದನ ಬಾಗಿಲಿಗೆ ಹೋಗಬೇಕು ಅಂತ ಕ್ವಾರಿಯವರು ಇವತ್ತಿಗೂ ಪೋಸ್ಟ್‌ಮನ್ನನನ್ನು ಕೇಳುತ್ತಾರೆ. ಕೊಂದವನೇ ತಿಥಿ ಮಾಡಿದ ಹಾಗೆ, ಈಗ ನೀನು ಅದರ ನೆನಪಿಗೆ ಸಭಾಂಗಣ ಕಟ್ಟಿಸಿದ್ದೀಯ.

ಹೋದ ಮಂಗಳವಾರ ನಾನು ದಾದಿಯಮ್ಮನನ್ನು ನೋಡಲು ಹೋಗಿದ್ದೆ. ಮಗಳ ಮನೆಯ ಮಹಡಿಯ ಮೇಲೆ ಒಂದು ಕೋಣೆ. ಒಂದು ಮಂಚ, ಒಂದು ಹೊಲಿಗೆ ಯಂತ್ರ, ಕಿಟಕಿಯಲ್ಲಿ ಔಷಧಿಯ ಸೀಸೆಗಳು ಎತ್ತರದ ಪ್ರಕಾರ ನಿಂತಿವೆ. ಎಂಬತ್ತಮೂರು ವರ್ಷ, ಬೆನ್ನು ಇನ್ನೂ ನೆಟ್ಟಗಿದೆ. ನಿನ್ನ ಪುಸ್ತಕ ಅವರ ಮಂಚದ ಮೇಲೇ ಇತ್ತು. ಯಾರೋ ತಂದುಕೊಟ್ಟರಂತೆ. ಹಲಗೆಯ ವಿಷಯ ಹೇಳಿದೆ. “ನನ್ನ ಹೆಸರು ಹಾಕದಿದ್ರೆ ಏನಂತೆ ಪೇಂಟರಪ್ಪಾ. ಹಲಗೆ ಮೇಲೆ ಕೂತು ನಾನೇನು ಮಾಡ್ಲಿ” ಅಂದರು. ಆಮೇಲೆ ಪುಸ್ತಕದ ಆ ಪುಟದ ಮೇಲೆ ಬೆರಳಿಟ್ಟರು. “ಇದು ಮಾತ್ರ ಬೇಡ. ಮೂವತ್ತೊಂದು ವರ್ಷ ಆಯ್ತು. ಹೊಳೆಯಾಚೆ ಹೆಂಗಸರು ಇವತ್ತಿಗೂ ಸಿಕ್ಕಿದಾಗ ಕೇಳ್ತಾರೆ, ‘ಯಾಕಮ್ಮಾ ನಮ್ಮನ್ನ ಅರ್ಧದಲ್ಲಿ ಬಿಟ್ಟು ಓಡಿಹೋದೆ’ ಅಂತ. ನಾನು ಓಡ್ಲಿಲ್ಲ ಕಣ್ರೇ ಅಂದ್ರೆ, ‘ನಾವು ಗೋಡೆ ನೋಡಿದ್ವಲ್ಲ’ ಅಂತಾರೆ. ಹೆರಿಗೆ ಮಧ್ಯದಲ್ಲಿ ಬಿಟ್ಟು ಎದ್ದುಹೋದವಳು ಅನ್ನೋ ಹೆಸರು ಹೊತ್ಕೊಂಡು ಸಾಯೋಕೆ ನನಗೆ ಇಷ್ಟ ಇಲ್ಲಪ್ಪ.”

ನಾನು ಹೇಳಿಬಿಟ್ಟೆ. ಕಾಗದ, ಮಡಿಕೆ, ನೀನು, ನಾನು, ಎಲ್ಲ. ಮೂವತ್ತೊಂದು ವರ್ಷದ್ದು ಹತ್ತು ನಿಮಿಷದಲ್ಲಿ ಮುಗಿಯಿತು. ಅವರು ಕಣ್ಣು ಮಿಟುಕಿಸದೆ ಕೇಳಿ, “ಗೊತ್ತಿತ್ತು. ನೀನು ಯಾವಾಗ ಬಾಯಿ ಬಿಡ್ತೀಯ ಅಂತ ಕಾಯ್ತಿದ್ದೆ. ಇನ್ನೊಂದು ವರ್ಷ ತಡ ಮಾಡಿದ್ರೆ ನನಗೆ ಕಿವಿನೇ ಕೇಳ್ತಿರ್ಲಿಲ್ಲ” ಅಂದರು. ನಾನು ಕ್ಷಮಿಸಿ ಅಂದೆ. “ಅದೆಲ್ಲ ಆಮೇಲೆ. ನನಗೆ ಹೇಳಿದ್ದಾಯ್ತು, ಜನಕ್ಕೆ ಹೇಳು” ಅಂದರು. ಕ್ಷಮಿಸಿದೆ ಅಂತ ಅವರು ಅನ್ನಲಿಲ್ಲ. ನಾನೂ ಇನ್ನೊಮ್ಮೆ ಕೇಳಲಿಲ್ಲ.

ನಿನ್ನ ಹೆಂಡತಿಗೂ ಹೇಳಿದೆ. ಅವಳು ನನ್ನ ತಂಗಿ, ಪೇಟೆಯಿಂದ ಕೇಳಿ ತಿಳಿಯಬಾರದು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡಳು. ಆಮೇಲೆ, “ಅಣ್ಣಾ, ಮೂವತ್ತೊಂದು ವರ್ಷ ಸುಮ್ಮನಿದ್ದವನು ಇನ್ನೊಂದೆರಡು ವರ್ಷ ಸುಮ್ಮನಿರಬಾರದಾ? ಮೂರು ಸಾಲು ಬರೆದು ಕೊಟ್ಟುಬಿಡು. ಬೇರೆ ಏನಾದ್ರೂ ಬರೆದ್ರೆ ಭಾನುವಾರ ಊಟಕ್ಕೆ ಬರಬೇಡ” ಅಂದಳು. ಅವಳ ಮನೆಯ ಭಾನುವಾರದ ಊಟ ಬಿಟ್ಟರೆ ವಾರದಲ್ಲಿ ನಾನು ಇನ್ನೊಬ್ಬರ ಜೊತೆ ಕೂತು ಉಣ್ಣುವುದಿಲ್ಲ, ಅದು ನಿನಗೆ ಗೊತ್ತು. ಅವಳಿಗೂ ಗೊತ್ತು. ಆಗಲಿ.

ಬರೆದಿದ್ದೇನೆ. ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೆರೆ ಹೊಡೆದು, ನಡುಗುವ ಕೈಗೆ ಕೋಲು ಆನಿಸಿ, ನಾಲ್ಕು ದಿನ ಕೂತು ಬರೆದೆ. ಇವತ್ತು ಬೆಳಿಗ್ಗೆ ಬಡಗಿಯ ಜೊತೆ ಹೋಗಿ ಸಭಾಂಗಣದ ಗೋಡೆಗೆ ನಿಲ್ಲಿಸಿ, ನೀನು ಹೊಲಿಸಿದ ರೇಷ್ಮೆ ಪರದೆಯನ್ನೇ ಮೇಲೆ ಬಿಟ್ಟು ಬಂದಿದ್ದೇನೆ. ಗುರುವಾರ ಎಲ್ಲರೆದುರು ದಾರ ಎಳೆಯುವವನು ನೀನು. ದಾದಿಯಮ್ಮನನ್ನು ನಾನು ಕರೆದುಕೊಂಡು ಬರುತ್ತೇನೆ, ಹೊಳೆಯಾಚೆಯವರಿಗೆ ಆಗಲೇ ಹೇಳಿ ಕಳಿಸಿದ್ದೇನೆ. ಬೇಡವಾದರೆ ಅದಕ್ಕೆ ಮೊದಲೇ ಕಿತ್ತು ಒಲೆಗೆ ಹಾಕಬಹುದು, ಹಲಗೆ ನಿನ್ನದು. ಆಗ ಅಷ್ಟನ್ನೂ ನಾನು ಸಭೆಯ ಮಧ್ಯೆ ಎದ್ದು ನಿಂತು ಬಾಯಲ್ಲಿ ಹೇಳುತ್ತೇನೆ, ನನಗೆ ಮೈಕು ಬೇಕಾಗಿಲ್ಲ. ನೀನು ಅಂದು ಮಡಿಚಿದ ಕಾಗದ ತಂದೆ. ನಾನು ಬಿಡಿಸಿಯೇ ತೋರಿಸುತ್ತಿದ್ದೇನೆ, ಹಲಗೆಯ ಮೇಲೆ ಇರುವುದು ಇದು:

ಮೊದಲನೇ ಸಾಲು ಛತ್ರಿ ವಕೀಲರು. ಎರಡನೇ ಸಾಲು ಗಿರಣಿ ಯಜಮಾನ, ಸತ್ತ ಇಸವಿಯವರೆಗೆ ಮಾತ್ರ. ನಾಲ್ಕನೇ ಸಾಲು ನೀನು. ಮೂರನೇ ಸಾಲು ದಾದಿಯಮ್ಮ, ಹನ್ನೊಂದು ತಿಂಗಳು, ಅದರ ಕೆಳಗೆ ಒಂದಿಂಚಿನ ಅಕ್ಷರದಲ್ಲಿ:

‘ಮರುವರ್ಷದ ಚುನಾವಣೆಯಲ್ಲಿ ಇವರು ಹಿಂದೆ ಸರಿಯಲಿಲ್ಲ. ಗೋಡೆಗಳ ಮೇಲಿನ ಇವರ ಹೆಸರನ್ನು ಅಳಿಸಿದವನು ಈ ಹಲಗೆ ಬರೆದವನು. ಅಳಿಸಲು ಹೇಳಿದವನು ಕೆಳಗಿನ ಸಾಲಿನವನು.’

ನನ್ನ ತಂಗಿಯ ಮುಖ ನೋಡಿ ಹರಸುತ್ತೇನೆ: ಗುರುವಾರದವರೆಗೆ ಗಟ್ಟಿಯಾಗಿರು, ದಾರ ಎಳೆಯುವಾಗ ನಿನ್ನ ಕೈ ನಡುಗದಿರಲಿ. ಆಮೇಲೆ ನಿನಗೆ ದೇವರು ಎಷ್ಟು ಆಯುಷ್ಯ ಕೊಟ್ಟರೂ ನನ್ನ ಆಕ್ಷೇಪಣೆ ಇಲ್ಲ.

ಇಷ್ಟು ವರ್ಷ ನಿನಗೆ ಭಾವನಾಗಿದ್ದ,
ಪೇಂಟರು